ಜವಳು ನೆಲಕ್ಕೆ ಮದ್ದು ಆಮೇಲೆ, ಮೊದಲು ನೀರಿನ ಮೂಲ ಹುಡುಕಿ

ದೇಶದ ಯಾವ ಜಿಲ್ಲೆಯಲ್ಲಿ ಎಷ್ಟು ನೆಲ ಜವಳಾಗಿದೆ ಎಂದು ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕುವ ಸಂಸ್ಥೆ ಇರುವುದು ಹೈದರಾಬಾದಿನ ಬಾಲಾನಗರದಲ್ಲಿ. 1974ರಲ್ಲಿ ರಾಷ್ಟ್ರೀಯ ದೂರಸಂವೇದಿ ಏಜೆನ್ಸಿಯಾಗಿ ಹುಟ್ಟಿ, 2008ರಲ್ಲಿ ಇಸ್ರೊದ ಕೇಂದ್ರವಾದ ಈ ಸಂಸ್ಥೆ ಪಾಲ್ಗೊಂಡು ತಯಾರಿಸುವ ಪಾಳುಭೂಮಿ ಅಟ್ಲಾಸಿನಲ್ಲಿ ‘ನೀರು ನಿಂತ ಮತ್ತು ಜೌಗು ಭೂಮಿ’ಗೇ ಪ್ರತ್ಯೇಕ ವರ್ಗವಿದೆ, ವರ್ಷವಿಡೀ ನೀರು ನಿಲ್ಲುವುದು, ಮಳೆಗಾಲಕ್ಕೆ ಮಾತ್ರ ನಿಲ್ಲುವುದು ಎಂದು ಅದರಲ್ಲೂ ಎರಡು ಪಾಲು. ಆ ಕಚೇರಿ ಇರುವ ಬಾಲಾನಗರವೂ ಕೂಕಟ್‌ಪಲ್ಲಿ ನಾಲಾದ ಜಲಾನಯನದಲ್ಲೇ ಇದೆ. ಸುತ್ತಲಿನ ಕೈಗಾರಿಕಾ ವಸಾಹತು ಮತ್ತು ಬಡಾವಣೆಗಳ ಮಳೆನೀರು, ಕೊಳಚೆನೀರು ಎರಡನ್ನೂ ಹೊತ್ತ ಆ ನಾಲಾ ಹುಸೇನ್ ಸಾಗರ ಸೇರುತ್ತದೆ; ಅಲ್ಲಿಂದ ಹೊರಬಿದ್ದ ನೀರು ಮೂಸಿ ನದಿಗೆ, ಮೂಸಿಯಿಂದ ಕೃಷ್ಣೆಗೆ. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರಿಗೆ ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆ ಹೊಲವಿದೆ. ಇಲ್ಲವೇ ನಗರದ ಅಂಚಿನಲ್ಲಿ ಒಂದಷ್ಟು ಗುಂಟೆ ಕೊಳ್ಳುವ ಆಸೆಯಿದೆ. ಎರಡೂ ಕಡೆ ಅಗ್ಗಕ್ಕೆ ಸಿಗುವುದು ಹಳ್ಳದ ಪಕ್ಕದ, ಕೆರೆಯ ಕೆಳಗಿನ ತಗ್ಗಿನ ನೆಲವೇ. ಅದನ್ನು ತೋರಿಸುವುದೂ ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ, ನೆಲ ಒಣಗಿ ಸಮತಟ್ಟಾಗಿ ಚೆಂದ ಕಾಣುವಾಗ.

ಇಂಥ ನೆಲದಲ್ಲಿ ನೀರು ನಿಂತಿದ್ದು ಕಂಡ ಕೂಡಲೇ ಕೇಳಿಬರುವ ಸಲಹೆ ಎರಡು: ಗರಸು ತಂದು ತುಂಬಿಸಿ, ಇಲ್ಲವೇ ಬಸಿಗಾಲುವೆ ತೋಡಿ. ಎರಡೂ ಕೆಲವೆಡೆ ಸರಿಯಾದ ಉಪಾಯಗಳೇ. ಆದರೆ ನೀರು ಎಲ್ಲಿಂದ ಬಂತು ಎಂದು ತಿಳಿಯದೆ ಇವಕ್ಕೆ ಕೈಹಾಕಿದವರ ದುಡ್ಡು ಹೆಚ್ಚಾಗಿ ಮಣ್ಣುಪಾಲಾಗುತ್ತದೆ. ತಗ್ಗಿನ ಮಣ್ಣು ಒಂದೇ ಥರ ಒದ್ದೆಯಾಗುವುದಿಲ್ಲ. ಮೇಲಿನಿಂದ ಬಿದ್ದ ಮಳೆ ಇಂಗದೆ ನಿಂತಿರಬಹುದು, ಪಕ್ಕದ ದಿಬ್ಬದಿಂದ ಒಸರು ಬರುತ್ತಿರಬಹುದು, ಕೆರೆಯೋ ಕಾಲುವೆಯೋ ಅಡಿಯಿಂದ ಜಿನುಗುತ್ತಿರಬಹುದು, ನದಿಯ ಹಿನ್ನೀರು ಏರಿರಬಹುದು, ನಗರವಾದರೆ ಕೊಳವೆಯೇ ಸೋರುತ್ತಿರಬಹುದು. ಒಂದಕ್ಕೆ ಹಿಡಿಯುವ ಮದ್ದು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಮೂಲ ಗೊತ್ತಾದ ಮೇಲೂ ಅನೇಕ ಸಲ ಅಗ್ಗದ ದಾರಿ ಎಂದರೆ ಮಣ್ಣನ್ನು ಬದಲಿಸುವುದಕ್ಕಿಂತ ಅದರ ಬಳಕೆಯನ್ನು ಬದಲಿಸುವುದು. ಈ ಲೇಖನದ ಹೆಜ್ಜೆಗಳೆಲ್ಲ ಆ ಒಂದು ನಿಲುವಿನಿಂದ ಹೊರಟಿವೆ.

ಮೊದಲು ಕಾಗದ

ಮೊದಲ ಹೆಜ್ಜೆ ಮನೆಯಲ್ಲೇ ಕೂತು ಮಾಡುವಂಥದು. ಇಸ್ರೊದ ‘ಭುವನ್’ ಜಾಲತಾಣದಲ್ಲಿ ಭೂಬಳಕೆ, ಭೂಸವಕಳಿ ಮತ್ತು ಪಾಳುಭೂಮಿಯ ನಕ್ಷೆಗಳು ಉಚಿತವಾಗಿ ನೋಡಲು ಸಿಗುತ್ತವೆ. ನಿಮ್ಮ ಊರನ್ನು ಹುಡುಕಿ, ಹಳ್ಳದ ಅಕ್ಕಪಕ್ಕ ಯಾವ ವರ್ಗ ಬಂದಿದೆ ನೋಡಿ. ಆದರೆ ನಕ್ಷೆ ಹೇಳಿದ್ದನ್ನು ನಿಮ್ಮ ತುಂಡು ಭೂಮಿಗೆ ನೇರವಾಗಿ ಅನ್ವಯಿಸಬೇಡಿ. ಇದಕ್ಕೆ ಸರಳ ಲೆಕ್ಕವಿದೆ. ಇಂಥ ನಕ್ಷೆಗಳಿಗೆ ಬಹುಕಾಲ ಬಳಸಿದ ಲಿಸ್-3 ಎಂಬ ಉಪಗ್ರಹ ಕ್ಯಾಮೆರಾದ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಉದ್ದ, ಅಷ್ಟೇ ಅಗಲ. ಒಂದು ಎಕರೆ ಎಂದರೆ ಅಂಥ ಏಳು ಚುಕ್ಕೆ. 200 ಚದರ ಗಜದ ನಿವೇಶನ ಒಂದು ಚುಕ್ಕೆಯ ಮೂರನೇ ಒಂದು ಭಾಗವೂ ಆಗದು. 1:50,000 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಗೆರೆ ನೆಲದಲ್ಲಿ 50 ಮೀಟರ್. ಹಾಗಾಗಿ ನಕ್ಷೆ ನಿಮಗೆ ಕಣಿವೆಯ ಸ್ವಭಾವವನ್ನು ಹೇಳುತ್ತದೆ, ನಿಮ್ಮ ಬದುವಿನ ಒಳಗಿನ ಸಂಗತಿ ಹೇಳುವುದಿಲ್ಲ. ಹಾಗೆಂದು ಅದು ನಿರುಪಯೋಗಿಯೂ ಅಲ್ಲ. ನೀರು ಸರ್ವೆ ನಂಬರಿನ ಗಡಿ ನೋಡಿ ಹರಿಯುವುದಿಲ್ಲವಾದ್ದರಿಂದ, ಮೇಲಿನ ಇಳಿಜಾರು ಎಷ್ಟು ದೊಡ್ಡದು, ಮೇಲೆ ಎಷ್ಟು ಕೆರೆಗಳಿವೆ ಎಂಬುದನ್ನು ನಕ್ಷೆಯಲ್ಲಿ ನೋಡಿದಷ್ಟು ಚೆನ್ನಾಗಿ ಹೊಲದಲ್ಲಿ ನಿಂತು ನೋಡಲು ಆಗದು.

ಪಹಣಿ ತೆಗೆಸಿ ಜಮೀನು ತರಿಯೋ ಖುಷ್ಕಿಯೋ ನೋಡಿಕೊಳ್ಳಿ. ತರಿ ಎಂದು ದಾಖಲಾಗಿದ್ದರೆ ಮೇಲೆ ಎಲ್ಲೋ ಕೆರೆಯೋ ಕಾಲುವೆಯೋ ಇದೆ ಅಥವಾ ಇತ್ತು ಎಂದರ್ಥ. ಸರ್ವೆ ಆಫ್ ಇಂಡಿಯಾದ ಹಳೆಯ ಭೂಪಟಗಳಲ್ಲಿ ಈಗ ಮುಚ್ಚಿಹೋದ ಕುಂಟೆ, ಹಳ್ಳಗಳೂ ಕಾಣುತ್ತವೆ. ಕೆರೆ ಮುಚ್ಚಿದರೂ ಅದಕ್ಕೆ ನೀರು ಬರುತ್ತಿದ್ದ ಇಳಿಜಾರು ಮುಚ್ಚುವುದಿಲ್ಲ. 1908ರ ಸೆಪ್ಟೆಂಬರ್ 28ರ ಮೂಸಿ ಪ್ರವಾಹದ ಬಳಿಕ ಹೈದರಾಬಾದಿಗೆ ಬಂದ ಸರ್ ಎಂ. ವಿಶ್ವೇಶ್ವರಯ್ಯ ಕೇವಲ ನದಿಯ ಪಾತ್ರವನ್ನು ನೋಡಿ ಸುಮ್ಮನಾಗಲಿಲ್ಲ. ಮೇಲಿನ ಜಲಾನಯನದಲ್ಲಿದ್ದ ನೂರಾರು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದದ್ದನ್ನು ಲೆಕ್ಕಕ್ಕೆ ತಂದರು. ಪರಿಹಾರವನ್ನೂ ಅವರು ಹುಡುಕಿದ್ದು ನಗರದೊಳಗೆ ಮಾತ್ರವಲ್ಲ, ನಗರದ ಮೇಲ್ಭಾಗದ ಜಲಾಶಯಗಳಲ್ಲಿ. ಉಸ್ಮಾನ್ ಸಾಗರ 1920ರಲ್ಲೂ ಹಿಮಾಯತ್ ಸಾಗರ 1927ರಲ್ಲೂ ಪೂರ್ಣಗೊಂಡವು. ತಗ್ಗಿನ ತೊಂದರೆಗೆ ಎತ್ತರದಲ್ಲಿ ಉತ್ತರ ಹುಡುಕುವ ಆ ಕ್ರಮ ಒಂದು ಎಕರೆಗೂ ಸಲ್ಲುತ್ತದೆ.

ಗುಂಡಿ ತೋಡಿ ಬಣ್ಣ ನೋಡಿ

ಎರಡನೆಯ ಹೆಜ್ಜೆಗೆ ಗುದ್ದಲಿ ಬೇಕು. ಜಮೀನಿನ ಅತಿ ತಗ್ಗಿನ ಜಾಗ, ಮಧ್ಯ, ದಿಬ್ಬದ ಬುಡ, ಈ ಮೂರು ಕಡೆ ಒಂದೊಂದು ಮೀಟರ್ ಆಳದ ಗುಂಡಿ ತೋಡಿಸಿ. ಬೇಸಿಗೆಯಲ್ಲೂ ತೋಡಬಹುದು, ಏಕೆಂದರೆ ಮಣ್ಣು ತನ್ನ ಆಗಸ್ಟ್ ತಿಂಗಳ ಕಥೆಯನ್ನು ಮೇ ತಿಂಗಳಲ್ಲೂ ಬಣ್ಣದಲ್ಲಿ ಇಟ್ಟುಕೊಂಡಿರುತ್ತದೆ. ಅದರ ಹಿಂದಿನ ರಸಾಯನಶಾಸ್ತ್ರ ತಿಳಿದರೆ ಓದುವುದು ಸುಲಭ. ಆಮ್ಲಜನಕ ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದರೆ ಒಳಗಿದ್ದ ಆಮ್ಲಜನಕವನ್ನು ಬೇರು, ಸೂಕ್ಷ್ಮಜೀವಿಗಳು ಸೇರಿ ನಮ್ಮ ಹವೆಯಲ್ಲಿ ಒಂದೆರಡು ದಿನದಲ್ಲೇ ಮುಗಿಸುತ್ತವೆ. ಆಮೇಲೆ ಉಸಿರಾಟಕ್ಕೆ ಅವು ನೈಟ್ರೇಟನ್ನು ಬಳಸುತ್ತವೆ. ನೀವು ಹಾಕಿದ ಸಾರಜನಕ ಅನಿಲವಾಗಿ ಹಾರಿಹೋಗುವುದು ಆಗಲೇ. ಅದು ಮುಗಿದರೆ ಮ್ಯಾಂಗನೀಸ್, ನಂತರ ಕಬ್ಬಿಣ, ಕೊನೆಗೆ ಸಲ್ಫೇಟ್. ಮಣ್ಣಿಗೆ ಕೆಂಪು, ಹಳದಿ ಕೊಡುವುದು ಕಬ್ಬಿಣದ ಆಕ್ಸೈಡು. ಆಮ್ಲಜನಕ ಇಲ್ಲದಾಗ ಅದು ನೀರಿನಲ್ಲಿ ಕರಗುವ ರೂಪಕ್ಕೆ ಬದಲಾಗಿ ಜಾರಿಹೋಗುತ್ತದೆ. ಉಳಿದ ಮಣ್ಣು ಬೂದಿಬಣ್ಣಕ್ಕೆ, ತುಂಬ ಕಾಲ ನೀರಿದ್ದರೆ ನೀಲಿಬೂದಿಗೆ ತಿರುಗುತ್ತದೆ. ನೀರು ಇಳಿದು ಬೇರಿನ ದಾರಿಯಲ್ಲಿ ಗಾಳಿ ಒಳಹೊಕ್ಕಾಗ ಕಬ್ಬಿಣ ಅಲ್ಲಲ್ಲೇ ತುಕ್ಕಾಗಿ ಕೂರುತ್ತದೆ.

ಆದ್ದರಿಂದ ಗುಂಡಿಯ ಗೋಡೆಯಲ್ಲಿ ಬೂದಿಬಣ್ಣದ ನಡುವೆ ತುಕ್ಕಿನ ಚುಕ್ಕೆ, ಗೆರೆಗಳು ಯಾವ ಆಳದಿಂದ ಶುರುವಾಗುತ್ತವೆ ಎಂದು ಟೇಪು ಹಿಡಿದು ಅಳೆಯಿರಿ. ಆ ಆಳದವರೆಗೆ ನೀರು ವರ್ಷವೂ ಏರಿಳಿಯುತ್ತಿದೆ ಎಂದರ್ಥ. ಅರ್ಧ ಅಡಿಯಲ್ಲೇ ಚುಕ್ಕೆ ಕಂಡರೆ ತೊಗರಿ, ದಾಳಿಂಬೆ, ಪಪ್ಪಾಯಿಯ ಮಾತು ಎತ್ತುವಂತಿಲ್ಲ. ಚುಕ್ಕೆಯೇ ಇಲ್ಲದೆ ಒಂದೇ ಸಮ ನೀಲಿಬೂದಿಯಿದ್ದು, ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಅಲ್ಲಿ ನೀರು ಇಳಿಯುವುದೇ ಇಲ್ಲ. ಜೊಂಡು, ಜೇಕು, ಒಂದೆಲಗ, ಹೊನಗೊನ್ನೆ ದಟ್ಟವಾಗಿ ಬೆಳೆದಿದ್ದರೆ ಅವೂ ಸಾಕ್ಷಿ ಹೇಳುತ್ತವೆ. ಆದರೆ ಜಮೀನು ಮಾರುವವರು ಗಿಡಗಳನ್ನು ಕೊಚ್ಚಿ ಹಾಕಿರಬಹುದು, ಗುಂಡಿಯ ಬಣ್ಣವನ್ನು ಕೊಚ್ಚಲಾಗದು. ಈ ಓದಿಗೆ ಒಂದು ಮಿತಿಯಿದೆ. ಎರೆ ಮಣ್ಣಿನಲ್ಲಿ ಕಪ್ಪು ಬಣ್ಣವೇ ತುಕ್ಕಿನ ಚುಕ್ಕೆಯನ್ನು ಮರೆಮಾಡುತ್ತದೆ. ಅಲ್ಲಿ ಹುಡುಕಬೇಕಾದದ್ದು ಮೆಣಸಿನ ಕಾಳಿನಂಥ ಕಪ್ಪು ಗುಂಡುಗಳನ್ನು, ಅಂದರೆ ಕಬ್ಬಿಣ ಮತ್ತು ಮ್ಯಾಂಗನೀಸ್ ಗಂಟುಗಳನ್ನು. ಹಾಗೆಯೇ ಒಮ್ಮೆ ಮೂಡಿದ ಬೂದಿಬಣ್ಣ ನೀರು ಇಳಿದುಹೋದ ಮೇಲೂ ಬಹುಕಾಲ ಉಳಿಯಬಹುದು. ಮೇಲಿನ ಕೆರೆ ಒಡೆದು ದಶಕಗಳಾದ ಜಾಗದಲ್ಲಿ ಮಣ್ಣು ಹಳೆಯ ಸುದ್ದಿಯನ್ನೇ ಹೇಳುತ್ತಿರಬಹುದು. ಮೂರನೆಯ ಹೆಜ್ಜೆ ಬೇಕಾಗುವುದು ಅದಕ್ಕೇ.

ಗುಂಡಿಯ ಪಕ್ಕದಲ್ಲೇ ಇನ್ನೊಂದು ಸಣ್ಣ ಪರೀಕ್ಷೆ ಮುಗಿಸಿಕೊಳ್ಳಿ. ಒಂದಡಿ ಅಗಲ, ಒಂದಡಿ ಆಳದ ಕುಳಿ ತೋಡಿ, ನೀರು ತುಂಬಿ ಇಂಗಲು ಬಿಡಿ. ಮಣ್ಣು ನೆನೆದ ಮೇಲೆ, ಮರುದಿನ ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತು ಅಳೆಯಿರಿ. ಗಂಟೆಗೆ 2.5 ಸೆಂಟಿಮೀಟರಿಗಿಂತ ಕಡಿಮೆ ಇಳಿದರೆ ಬಸಿಯುವ ಗುಣ ಕಳಪೆ. ನೆನೆಸದೆ ಅಳೆಯುವುದು ದೊಡ್ಡ ತಪ್ಪು, ವಿಶೇಷವಾಗಿ ಎರೆಯಲ್ಲಿ. ಬೇಸಿಗೆಯ ಎರೆ ಬಿರುಕು ಬಿಟ್ಟಿರುತ್ತದೆ, ಬಿರುಕಿನೊಳಗೆ ನೀರು ಗಳಗಳ ಇಳಿದು ಮಣ್ಣು ಬಹಳ ಚೆನ್ನಾಗಿ ಬಸಿಯುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಅದರಲ್ಲಿನ ಜೇಡಿ ನೆನೆದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಳಿಯುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ.

ಎರಡು ಕೊಳವೆ, ಒಂದು ಮಳೆಗಾಲ

ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು. ಒಂದು ಇಂಚಿನ ಪಿವಿಸಿ ಪೈಪು ಎರಡು ತುಂಡು ಬೇಕು: ಒಂದು ಎರಡು ಮೀಟರ್ ಉದ್ದ, ಇನ್ನೊಂದು ಎರಡು ಅಡಿ. ಎರಡರ ಕೆಳತುದಿಯಲ್ಲಿ ಕೆಲವು ಅಂಗುಲ ಮಾತ್ರ ತೂತು ಕೊರೆದು, ನೈಲಾನ್ ಬಲೆ ಸುತ್ತಿ, ತೂತುಗಳ ಸುತ್ತ ಸಣ್ಣ ಜಲ್ಲಿ ಹಾಕಿ, ಅದರ ಮೇಲೆ ನೆಲಮಟ್ಟದವರೆಗೆ ಜೇಡಿ ಬಿಗಿದು ಮೇಲ್ನೀರು ಪೈಪಿನ ಗುಂಟ ಇಳಿಯದಂತೆ ಅಕ್ಕಪಕ್ಕ ನೆಡಿ. ಬಾಯಿಗೆ ಮುಚ್ಚಳ. ಜೂನ್‌ನಿಂದ ಜನವರಿಯವರೆಗೆ ವಾರಕ್ಕೊಮ್ಮೆ ದಾರಕ್ಕೆ ತೂಕ ಕಟ್ಟಿ ನೀರಿನ ಮಟ್ಟ ಅಳೆದು ಬರೆದಿಡಿ. ಇಷ್ಟು ಮಾಡಿದರೆ ಮೂಲ ತಾನಾಗಿ ಬಯಲಾಗುತ್ತದೆ. ಗಿಡ್ಡ ಪೈಪಿನಲ್ಲಿ ನೀರಿದ್ದು ಉದ್ದ ಪೈಪು ಒಣಗಿದ್ದರೆ ಅದು ಮಳೆನೀರು, ಮೇಲಿನ ಜೇಡಿಯ ಪದರದ ಮೇಲೆ ಕೂತಿದೆ. ಉದ್ದ ಪೈಪಿನಲ್ಲಿ ನೀರು ಹೆಚ್ಚು ಎತ್ತರಕ್ಕೆ ಏರಿದ್ದರೆ ಅದು ಅಡಿಯಿಂದ ಒತ್ತಿ ಬರುತ್ತಿರುವ ಅಂತರ್ಜಲ. ಮಳೆ ನಿಂತ ವಾರದಲ್ಲೇ ಇಳಿದರೆ ಮಳೆಯದು. ಮಳೆ ನಿಂತು ವಾರಗಳ ನಂತರ ಏರಿದರೆ ದಿಬ್ಬದ ಒಸರು. ಕಾಲುವೆಗೆ ನೀರು ಬಿಟ್ಟಾಗ ಏರಿ ನಿಲ್ಲಿಸಿದಾಗ ಇಳಿದರೆ ಕಾಲುವೆಯದು. ಮೋಡವೇ ಇಲ್ಲದ ಜನವರಿಯಲ್ಲೂ ಕದಲದೆ ನಿಂತರೆ, ನಗರದಲ್ಲಾದರೆ, ಒಡೆದ ಕೊಳವೆಯನ್ನು ಹುಡುಕಿ.

ಕೊಳ್ಳುವ ಮುನ್ನ ಒಂದು ಮಳೆಗಾಲ ಕಾಯುವುದು ಯಾರಿಗೆ ಸಾಧ್ಯ, ಅಷ್ಟರಲ್ಲಿ ಜಮೀನು ಇನ್ನೊಬ್ಬರ ಪಾಲಾಗುತ್ತದೆ ಎನ್ನುವ ಆಕ್ಷೇಪ ಸಹಜ. ಮಾತು ನಿಜ. ಕಾಯಲಾಗದಿದ್ದರೆ ಗುಂಡಿಯ ಬಣ್ಣ ಮತ್ತು ಪಕ್ಕದ ಹೊಲಗಳ ತೆರೆದ ಬಾವಿಯ ಮಟ್ಟ, ಇವೆರಡನ್ನೇ ನಂಬಿ ಬೆಲೆ ಮಾತಾಡಬೇಕಾಗುತ್ತದೆ. ಆದರೆ ಕೊಂಡ ಮೇಲೆ ಬಸಿಗಾಲುವೆಗೆ, ಮಣ್ಣು ತುಂಬಿಸುವುದಕ್ಕೆ, ಸಸಿಗೆ ದುಡ್ಡು ಹಾಕುವ ಮುನ್ನ ಒಂದು ಮಳೆಗಾಲ ಕಾಯಲು ಯಾರ ಅಡ್ಡಿಯೂ ಇಲ್ಲ. ಪೈಪಿನ ಖರ್ಚು ಕೆಲವು ನೂರು ರೂಪಾಯಿ. ಒಂದು ಟಿಪ್ಪರ್ ಗರಸಿಗಿಂತ ಕಡಿಮೆ.

ಮೂಲ ಗೊತ್ತಾದರೆ ಮದ್ದು ತಾನಾಗಿ ಬೇರೆ ಬೇರೆಯಾಗುತ್ತದೆ. ದಿಬ್ಬದ ಒಸರಿಗೆ ಹೊಲದ ಮಧ್ಯೆ ಬಸಿಗಾಲುವೆ ತೋಡಿ ಪ್ರಯೋಜನವಿಲ್ಲ. ದಕ್ಷಿಣದ ಪ್ರಸ್ಥಭೂಮಿಯ ಗ್ರಾನೈಟ್ ಸೀಮೆಯಲ್ಲಿ ದಿಬ್ಬದ ಕೆಂಪು ಮಣ್ಣಿನಲ್ಲಿ ಇಂಗಿದ ನೀರು ಶಿಥಿಲ ಬಂಡೆಯ ಮೇಲೆ ಜಾರಿ, ಇಳಿಜಾರು ಮುರಿದು ಸಮತಟ್ಟಾಗುವ ಬುಡದಲ್ಲಿ ಹೊರಬೀಳುತ್ತದೆ. ಅಲ್ಲಿ, ಇಳಿಜಾರಿಗೆ ಅಡ್ಡವಾಗಿ, ಗಟ್ಟಿ ಪದರ ಮುಟ್ಟುವವರೆಗೆ ಒಂದೇ ಒಂದು ಕಂದಕ ತೋಡಿ, ಕಲ್ಲು, ಜಲ್ಲಿ ತುಂಬಿ, ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿದರೆ ಕೆಳಗಿನ ಎಕರೆಗಟ್ಟಲೆ ನೆಲ ಒಣಗಬಹುದು. ಆದರೆ ಕೆಲವೊಮ್ಮೆ ಆ ಒಸರೇ ಬೇಸಿಗೆಯ ತೆರೆದ ಬಾವಿಗೆ ಆಧಾರ, ತಿರುಗಿಸುವ ಮುನ್ನ ಅದನ್ನೂ ಯೋಚಿಸಿ. ಜೇಡಿಯ ಮೇಲೆ ನಿಂತ ಮಳೆನೀರಿಗೆ ಬೇಕಾದದ್ದು ಆಳದ ಕಾಲುವೆಯಲ್ಲ, ಮೇಲ್ಮೈಯ ಇಳಿಜಾರು. ಕಾಲುವೆಯ ಜಿನುಗಿಗೆ ನೀವೊಬ್ಬರೇ ಮಾಡುವುದು ಹೆಚ್ಚಿಲ್ಲ; ಅದು ಇಡೀ ಅಚ್ಚುಕಟ್ಟಿನ ಕೆಲಸ. ನದಿಯ ಹಿನ್ನೀರಿಗಂತೂ ಬಸಿಗಾಲುವೆ ಮದ್ದೇ ಅಲ್ಲ, ಅದೇ ಕಾಲುವೆಯಲ್ಲಿ ನದಿ ಹೊಲಕ್ಕೆ ನುಗ್ಗುತ್ತದೆ.

ಬಸಿಗಾಲುವೆ ತೋಡುವ ಯಾರೇ ಆಗಲಿ ಮೊದಲು ಅದರ ಬಾಯಿಯನ್ನು ನೋಡಬೇಕು. ಮೇಸ್ತ್ರಿಗಳು ಬಳಸುವ ಪಾರದರ್ಶಕ ನೀರಿನ ಪೈಪಿನಿಂದ ಹೊಲದ ಅತಿ ತಗ್ಗಿನ ಜಾಗ ಮತ್ತು ಹಳ್ಳದ ತಳದ ಮಟ್ಟ ಹೋಲಿಸಿ. ಕಣಿವೆಯ ಅಡಿಯಲ್ಲಿ ಬಹಳ ಸಲ ಹೂಳು ತುಂಬಿ ಹಳ್ಳದ ತಳವೇ ಹೊಲಕ್ಕಿಂತ ಮೇಲೆ ಬಂದಿರುತ್ತದೆ. ಹಾಗಿದ್ದರೆ ಹೂಳೆತ್ತದೆ ಬೇರೆ ಕೆಲಸವಿಲ್ಲ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಬಸಿಗಾಲುವೆಯಿಂದ ಎಷ್ಟು ಚೆನ್ನಾಗಿ ನೀರು ತೆಗೆಯುತ್ತಾರೆ, ಇಲ್ಲೇಕೆ ಆಗದು ಎಂದು ಕೇಳುವವರಿದ್ದಾರೆ. ಅಲ್ಲಿ ಮಣ್ಣು ಜಂಬಿಟ್ಟಿಗೆಯಿಂದ ಬಂದದ್ದು, ರಂಧ್ರ ಹೆಚ್ಚು. ಕಣಿವೆಗೆ ಕೆಳಮುಖ ಇಳಿಜಾರೂ ಸಾಕಷ್ಟಿದೆ. ರಾಯಚೂರಿನ ಎರೆಗೆ ಇವೆರಡೂ ಇಲ್ಲ.

ಉಪ್ಪಿನ ಲೆಕ್ಕ

ಬಯಲುಸೀಮೆಯಲ್ಲಿ ಜವಳಿನ ಬೆನ್ನಿಗೇ ಸವಳು ಬರುತ್ತದೆ. ಅಂತರ್ಜಲ ಬೇಸಿಗೆಯಲ್ಲಿ ಒಂದೂವರೆ, ಎರಡು ಮೀಟರಿನೊಳಗೆ ನಿಂತರೆ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರಿ ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟು ಇದರ ದೊಡ್ಡ ಪಾಠ. 1953ರಿಂದ ನೀರು ಹರಿಸಿದ ಆ ಯೋಜನೆ ಬಹುಪಾಲು ನೆಲಕ್ಕೆ ಲಘು ನೀರಾವರಿ ಬೆಳೆ ಎಂದು ರೂಪುಗೊಂಡಿತ್ತು. ಕಾಲುವೆಯ ತಲೆಭಾಗದಲ್ಲಿ ಭತ್ತ ಹರಡಿತು, ಕೆಳಗಿನ ಹಳ್ಳದ ಬದಿಯ ಹೊಲಗಳು ಸವಳು ಜವಳಾದವು, ಕೊನೆಯ ಭಾಗಕ್ಕೆ ನೀರೇ ಮುಟ್ಟಲಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಂಥ ಮಣ್ಣಿನ ಮೇಲೆಯೇ ದಶಕಗಳಿಂದ ಕೆಲಸ ಮಾಡುತ್ತಿದೆ. ನೆಲದಡಿ ತೂತಿನ ಪೈಪು ಹೂತು ಬಸಿಯುವ ವಿಧಾನದ ಬಗ್ಗೆ ಕೇಳಬೇಕಾದವರು ಅಲ್ಲಿಗೇ ಹೋಗಬೇಕು.

ಇಲ್ಲಿ ಗೊತ್ತಿರಬೇಕಾದ ಭೇದ ಒಂದಿದೆ. ಲವಣ ಮಣ್ಣಿನಲ್ಲಿ ಬಿಳಿ ಪೊರೆ ಕಾಣುತ್ತದೆ, ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿರುತ್ತದೆ. ಸಿಹಿನೀರು ಹರಿಸಿ ತೊಳೆಯಬಹುದು, ಆದರೆ ತೊಳೆದ ನೀರು ಹೊರಹೋಗಲು ದಾರಿ ಇದ್ದರೆ ಮಾತ್ರ. ಕ್ಷಾರ ಮಣ್ಣಿನಲ್ಲಿ ಸೋಡಿಯಂ ಜೇಡಿಯ ಕಣಗಳಿಗೇ ಅಂಟಿರುತ್ತದೆ, ರಸಸಾರ 8.5ರ ಮೇಲಿರುತ್ತದೆ, ಅದಕ್ಕೆ ಜಿಪ್ಸಂ ಇಲ್ಲದೆ ನಡೆಯದು. ಮನೆಯಲ್ಲೇ ತಿಳಿಯಬೇಕಾದರೆ ಒಣಗಿದ ಹೆಂಟೆಯ ಸಣ್ಣ ಚೂರನ್ನು ಗಾಜಿನ ಲೋಟದ ಮಳೆನೀರಿಗೆ ಮೆಲ್ಲಗೆ ಬಿಡಿ, ಅಲುಗಾಡಿಸಬೇಡಿ. ಚೂರಿನ ಸುತ್ತ ಹಾಲಿನಂಥ ಮಂಜು ಹರಡಿದರೆ ಸೋಡಿಯಂ ಇದೆ. ನಲ್ಲಿ ಅಥವಾ ಬೋರಿನ ನೀರು ಬಳಸಿದರೆ ಅದರ ಲವಣವೇ ಮಂಜನ್ನು ತಡೆದು ಸುಳ್ಳು ಹೇಳುತ್ತದೆ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ರಸಸಾರ, ವಿದ್ಯುದ್ವಾಹಕತೆ ಇವೆ, ಆದರೆ ವಿನಿಮಯ ಸೋಡಿಯಂ ಇಲ್ಲ; ಪ್ರಯೋಗಾಲಯದಲ್ಲಿ ಅದನ್ನೂ ಜಿಪ್ಸಂ ಬೇಡಿಕೆಯನ್ನೂ ಬೇರೆಯಾಗಿ ಕೇಳಿ ಬರೆಸಿ.

ಮಣ್ಣಿಗೆ ತಕ್ಕ ಬಳಕೆ

ಕರಾವಳಿಯವರು, ಕಾಸರಗೋಡಿನವರು ಹೊಲವನ್ನು ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸಿದ್ದು ನೀರು ಎಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದರ ಮೇಲೆ. ಬೆಟ್ಟಿಗೆ ಒಂದು ಬೆಳೆ, ಬೈಲಿಗೆ ಎರಡು ಮೂರು. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ಮುಳುಗಡೆಯನ್ನೂ ತಾಳುವ ಕಗ್ಗ ಭತ್ತ ಬೆಳೆದರು, ಭತ್ತವಿಲ್ಲದಾಗ ಅದೇ ಗದ್ದೆಯಲ್ಲಿ ಮೀನು, ಸೀಗಡಿ ಹಿಡಿದರು. ಹಿಂದಿನವರಿಗೆ ಯಂತ್ರವಿರಲಿಲ್ಲ, ಅದಕ್ಕೇ ಹೊಂದಿಕೊಂಡರು, ಈಗ ನಮಗೇನು ಅನಿವಾರ್ಯ ಎನ್ನಬಹುದು. ಆದರೆ ಯಂತ್ರ ಬಂದ ಮೇಲಿನ ಅತ್ಯುತ್ತಮ ಸಂಶೋಧನೆಯೂ ಅದೇ ದಾರಿ ಹಿಡಿದದ್ದನ್ನು ಬಾಲಾನಗರದಿಂದ ಮುಂಬೈ ಹೆದ್ದಾರಿಯಲ್ಲಿ ಸ್ವಲ್ಪ ದೂರ ಸಾಗಿದರೆ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನೋಡಬಹುದು.

ಆ ಸೀಮೆಯ ಆಳವಾದ ಎರೆಯನ್ನು ರೈತರು ಮುಂಗಾರಿನಲ್ಲಿ ಬೀಳು ಬಿಟ್ಟು, ಉಳಿದ ತೇವದಲ್ಲಿ ಹಿಂಗಾರಿಗೆ ಮಾತ್ರ ಜೋಳ, ಕಡಲೆ ಬಿತ್ತುತ್ತಿದ್ದರು. ಮಳೆಯಲ್ಲಿ ಕೆಸರಾಗಿ ಕಾಲಿಡಲಾಗದು, ನೀರು ನಿಂತು ಬೆಳೆ ಕೊಳೆಯುತ್ತದೆ. ಇಕ್ರಿಸ್ಯಾಟ್ ವಿಜ್ಞಾನಿಗಳು ಒಂದೂವರೆ ಮೀಟರ್ ಅಂತರದಲ್ಲಿ ಸಾಲು ತೆಗೆದು, ನಡುವೆ ಸುಮಾರು ಒಂದು ಮೀಟರ್ ಅಗಲದ ಏರುಮಡಿ ಕಟ್ಟಿ, ಸಾಲುಗಳಿಗೆ ನೂರು ಮೀಟರಿಗೆ 40ರಿಂದ 80 ಸೆಂಟಿಮೀಟರ್ ಇಳಿಜಾರು ಕೊಟ್ಟರು. ಹೆಚ್ಚುವರಿ ನೀರು ಸಾಲಿನಲ್ಲಿ ನಿಧಾನವಾಗಿ ಹರಿದು ಹೋಯಿತು, ಬೇರು ಮಡಿಯಲ್ಲಿ ಉಸಿರಾಡಿತು. 1976ರಿಂದ ನಡೆದ ಆ ದೀರ್ಘಕಾಲದ ಪ್ರಯೋಗದಲ್ಲಿ ಸುಧಾರಿತ ಪದ್ಧತಿಯ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 5 ಟನ್, ಹಳೆಯ ಪದ್ಧತಿಯದು ಸುಮಾರು 1 ಟನ್. ಈ ವ್ಯತ್ಯಾಸವನ್ನೆಲ್ಲ ಮಡಿಯ ಲೆಕ್ಕಕ್ಕೇ ಹಾಕುವುದು ಸರಿಯಲ್ಲ. ಗೊಬ್ಬರ, ತಳಿ, ಎರಡು ಬೆಳೆ ಎಲ್ಲವೂ ಸೇರಿವೆ. ಇದು ಮೇಲೆ ನಿಂತ ಮಳೆನೀರಿನ ಮದ್ದು ಎಂಬುದನ್ನೂ ಮರೆಯಬಾರದು. ಉದ್ದ ಪೈಪಿನಲ್ಲಿ ನೀರು ಏರುವ ಹೊಲದಲ್ಲಿ ಎಷ್ಟು ಮಡಿ ಕಟ್ಟಿದರೂ ತೊಗರಿ ಬೇರು ಕೆಳಗೆ ಹೋಗಿ ನೀರಿನಲ್ಲೇ ನಿಲ್ಲುತ್ತದೆ, ಬುಡ ಕೊಳೆಯುತ್ತದೆ.

ಅಡಿಯಿಂದ ನೀರು ಬರುವ, ಕಾಲುವೆಯ ಜಿನುಗಿನ ತಗ್ಗಿಗೆ ಭತ್ತವೇ ಯೋಗ್ಯ. ಭತ್ತದ ಬೇರಿಗೆ ಎಲೆಯಿಂದ ಗಾಳಿ ಇಳಿಯುವ ನಾಳಗಳಿವೆ. ಭತ್ತವೇ ಜವಳಿಗೆ ಕಾರಣ ಎಂದು ಹೇಳಿ ಈಗ ಭತ್ತ ಹಾಕಿ ಎನ್ನುವುದು ವಿರೋಧಾಭಾಸವಲ್ಲವೇ? ಅಲ್ಲ. ತೊಂದರೆ ಇರುವುದು ಮೇಲಿನ ಮಸಾರಿ, ಕೆಮ್ಮಣ್ಣಿಗೆ ಭತ್ತ ಏರಿದಾಗ. ಅಲ್ಲಿ ಇಂಗಿದ್ದು ಕೆಳಗಿನವರ ಹೊಲದಲ್ಲಿ ಏಳುತ್ತದೆ. ಸಹಜವಾಗಿ ಒದ್ದೆಯಾದ ತಳಕ್ಕೆ ಭತ್ತ ಹೊಸ ಹೊರೆ ಹೊರಿಸುವುದಿಲ್ಲ. ಅಲ್ಲಿ ಗಮನ ಬೇಕಾದದ್ದು ಎರಡಕ್ಕೆ: ಕ್ಷಾರಗುಣದ ಮುಳುಗಡೆ ಮಣ್ಣಿನಲ್ಲಿ ಸತುವು ಸಿಗುವುದಿಲ್ಲವಾದ್ದರಿಂದ ಎಕರೆಗೆ 10 ಕಿಲೊ ಸತುವಿನ ಸಲ್ಫೇಟ್, ನೈಟ್ರೇಟ್ ರೂಪದ ಗೊಬ್ಬರದ ಬದಲು ಯೂರಿಯಾವನ್ನು ಕಂತಿನಲ್ಲಿ ಕೊಟ್ಟು ಕೆಸರಿನೊಳಗೆ ಸೇರಿಸುವುದು. ಭತ್ತಕ್ಕೂ ಉಪ್ಪು ಹೆಚ್ಚಾದರೆ ಪಾರಾ ಹುಲ್ಲಿದೆ. ಹೈದರಾಬಾದಿನ ಕೆಳಗೆ ಮೂಸಿ ದಂಡೆಯಲ್ಲಿ ಕೊಳಚೆನೀರಿನಿಂದ ಭತ್ತ ಸೊರಗಿದ ಹೊಲಗಳನ್ನು ರೈತರೇ ಈ ಹುಲ್ಲಿಗೆ ತಿರುಗಿಸಿಕೊಂಡು ನಗರದ ಎಮ್ಮೆ ಸಾಕುವವರಿಗೆ ಮಾರುತ್ತ ಬಂದಿದ್ದಾರೆ. ಯಾರೂ ಹೇಳಿಕೊಡದೆ ಮಣ್ಣು ನೋಡಿ ಮಾಡಿದ ಆಯ್ಕೆ ಅದು.

ಮರ ಹಾಕುವುದಾದರೆ ಹೊಳೆಮತ್ತಿ, ನೇರಳೆ, ಹೊಂಗೆ ಹಳ್ಳದ ಬದಿಯವೇ. ನೀಲಗಿರಿ ಹಾಕಿದರೆ ನೀರು ಹೀರಿ ನೆಲ ಒಣಗಿಸುತ್ತದೆ ಎಂಬ ವಾದಕ್ಕೆ ಅರ್ಧ ಸತ್ಯದ ಬಲವಿದೆ: ಅಂತರ್ಜಲ ಇಳಿಯುವುದು ನಿಜ. ಆದರೆ ಮರ ನೀರನ್ನು ಕುಡಿಯುತ್ತದೆ, ಉಪ್ಪನ್ನು ಬೇರಿನ ಸುತ್ತಲೇ ಬಿಟ್ಟುಬಿಡುತ್ತದೆ. ಕರ್ನಾಟಕದಲ್ಲಂತೂ 2017ರಿಂದ ಹೊಸದಾಗಿ ನೀಲಗಿರಿ ನೆಡುವುದಕ್ಕೆ ಸರ್ಕಾರದ ನಿರ್ಬಂಧವಿದೆ.

ನಗರದ ನಿವೇಶನವಾದರೆ

ಕಟ್ಟಡದ ಮಾತಿಗೆ ಬಂದರೆ ಕಾನೂನೇ ಮೊದಲ ಹೆಜ್ಜೆ. ತೆಲಂಗಾಣದ 2012ರ ಕಟ್ಟಡ ನಿಯಮಗಳಂತೆ 10 ಹೆಕ್ಟೇರ್ ಹಾಗೂ ಅದಕ್ಕಿಂತ ದೊಡ್ಡ ಕೆರೆಯ ಪೂರ್ಣಮಟ್ಟದ ಗಡಿಯಿಂದ 30 ಮೀಟರ್, ಸಣ್ಣ ಕೆರೆಯಾದರೆ 9 ಮೀಟರ್ ಬಿಡಬೇಕು. 10 ಮೀಟರಿಗಿಂತ ಅಗಲದ ನಾಲಾಕ್ಕೂ 9 ಮೀಟರ್. ಪೂರ್ಣಮಟ್ಟವೆಂದರೆ ಕೆರೆ ತುಂಬಿ ಕೋಡಿ ಬೀಳುವ ಮಟ್ಟ, ಬೇಸಿಗೆಯಲ್ಲಿ ಕಾಣುವ ನೀರಿನಂಚಲ್ಲ. ಗರಸು ತುಂಬಿಸಿ ಎತ್ತರಿಸಿದರಾಯಿತಲ್ಲ ಎನ್ನುವವರಿಗೆ ಎರಡು ಉತ್ತರ. ತುಂಬಿಸಿದ ಮಣ್ಣಿನ ಕೆಳಗೆ ಉಬ್ಬಿ ಕುಗ್ಗುವ ಎರೆ ಹಾಗೇ ಉಳಿದು ಗೋಡೆ ಬಿರುಕು ಬಿಡುತ್ತದೆ. ಇಂಥ ಮಣ್ಣಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ, ಬುಡ ಉಬ್ಬಿದ ಪೈಲ್ ಅಡಿಪಾಯದಂಥದೇ ಬೇಕು. ಎರಡನೆಯದಾಗಿ, ನಿಮ್ಮಲ್ಲಿ ನಿಲ್ಲುತ್ತಿದ್ದ ನೀರು ಪಕ್ಕದ ಮನೆಗೆ ಹೋಗುತ್ತದೆ, ಅವರೂ ತುಂಬಿಸುತ್ತಾರೆ. 2020ರ ಅಕ್ಟೋಬರ್ ಮಳೆಯಲ್ಲಿ ಹೈದರಾಬಾದಿನ ಕೆರೆಗಳ ಕೆಳಗಿನ ಬಡಾವಣೆಗಳು ಮುಳುಗಿದ್ದು ನೀರಿಗೆ ನಿಲ್ಲಲು ಬೇರೆ ಜಾಗ ಉಳಿದಿರಲಿಲ್ಲವಾದ್ದರಿಂದ.

ಬಾಲಾನಗರದಂಥ ಕೈಗಾರಿಕಾ ಪ್ರದೇಶದ ನಾಲಾ ಪಕ್ಕದಲ್ಲಿ ಕೈತೋಟ ಮಾಡುವವರು ಇನ್ನೊಂದು ಪರೀಕ್ಷೆ ಮಾಡಿಕೊಳ್ಳಬೇಕು. ನಿಂತ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆಪೊರೆ ಕಂಡರೆ ಕಡ್ಡಿಯಿಂದ ಕದಡಿ. ಪೊರೆ ಚೂರುಚೂರಾಗಿ ಒಡೆದು ಹಾಗೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ್ದು, ನೀರು ನಿಂತ ಮಣ್ಣಿನ ಸಹಜ ಗುರುತು. ಮತ್ತೆ ಕೂಡಿಕೊಂಡರೆ ಅದು ನಿಜವಾದ ಎಣ್ಣೆ. ಇಲ್ಲಿನ ಮಣ್ಣಿನಲ್ಲಿ ಭಾರಲೋಹಗಳ ಬಗ್ಗೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಪ್ರಕಟಿಸಿದ್ದಾರೆ. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಬರುವುದಿಲ್ಲ, ಬೇರೆಯಾಗಿ ಕೇಳಬೇಕು. ಮಾದರಿಯನ್ನು ಮೇಲಿನ 15 ಸೆಂಟಿಮೀಟರಿನಿಂದಲೂ ಅದರ ಕೆಳಗಿನಿಂದಲೂ ಬೇರೆ ಬೇರೆ ಚೀಲದಲ್ಲಿ ಕೊಡಿ, ತುಂಬಿಸಿದ ಮಣ್ಣು ಮೇಲೆ ಶುದ್ಧವಾಗಿದ್ದು ಕೆಳಗೆ ಹಳೆಯ ಕೆಸರು ಇರಬಹುದು. ಲೋಹ ಪತ್ತೆಯಾದರೆ ಪಾಲಕ್, ಮೆಂತ್ಯ, ಕೊತ್ತಂಬರಿ ಬಿಡಿ. ಸೊಪ್ಪು ಲೋಹವನ್ನು ಎಲೆಯೊಳಗೇ ಕೂಡಿಟ್ಟುಕೊಳ್ಳುತ್ತದೆ, ಎಷ್ಟು ತೊಳೆದರೂ ಹೋಗದು. ಆ ಜಾಗಕ್ಕೆ ಹೂಗಿಡ ಅಥವಾ ನೆರಳಿನ ಮರ ಹಾಕಿ, ಸೊಪ್ಪನ್ನು ಬೇರೆಡೆಯ ಮಣ್ಣು ತುಂಬಿದ, ತಳದಲ್ಲಿ ತೂತಿರುವ ತೊಟ್ಟಿಗಳಲ್ಲಿ ಬೆಳೆಯಿರಿ; ತೊಟ್ಟಿಗೆ ನಾಲಾ ಪಕ್ಕದ ಬೋರಿನ ನೀರು ಹಾಕಬೇಡಿ.